ನಾಲ್ಕನೇ ಮಹಡಿಯಲ್ಲಿ ನಿಂತ ಸಾಲು

ಇಂದಿರಾ ಆಂಟಿಯನ್ನು ನಾನು ಮೊದಲು ನೋಡಿದ್ದು ಒಂದು ಟಾಯ್ಲೆಟ್ಟಿನ ಬಾಗಿಲಲ್ಲಿ. ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶದ ಒಂದು ಕಟ್ಟಡದಲ್ಲಿ, ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವ ಕಂಪನಿಯೊಂದರಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ತುಮಕೂರಿನಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಎರಡನೇ ಮಹಡಿಯಲ್ಲಿ ಹೆಂಗಸರ ಟಾಯ್ಲೆಟ್ ಎಂದು ತೋರಿಸಿದ ಬಾಗಿಲನ್ನು ತಳ್ಳಿದವಳು ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದೆ. "ಥೂ, ಇದೆಂಥ ನರಕ" ಎಂದು ಬಾಯಿಂದ ಹೊರಬಿದ್ದದ್ದು ಕನ್ನಡದಲ್ಲೇ.

"ಅರೇ, ಕನ್ನಡದವಳಾ?" ಹಿಂದಿನಿಂದ ಯಾರೋ ಕೇಳಿದರು.

ತಿರುಗಿ ನೋಡಿದರೆ ಐವತ್ತು ದಾಟಿದ ಹೆಂಗಸು. ಕಾಟನ್ ಸೀರೆ, ಭುಜಕ್ಕೆ ಬಟ್ಟೆಯ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ.

"ಒಳಗೆ ಹೋಗಬೇಡಮ್ಮ. ಮಧ್ಯಾಹ್ನದ ಮೇಲೆ ನೀರೇ ಇರಲ್ಲ ಅಲ್ಲಿ. ತೀರಾ ಅರ್ಜೆಂಟ್ ಇದ್ರೆ ನನ್ನ ಜೊತೆ ಬಾ, ಮೆಟ್ರೋ ಸ್ಟೇಷನ್‌ಗೆ ಹೋಗಿ ಬರೋಣ. ನಾನೂ ಅಲ್ಲಿಗೇ ಹೊರಟೆ."

ಬಿಸಿಲಲ್ಲಿ, ಟೆಂಪೋಗಳ ನಡುವೆ ದಾರಿ ಮಾಡಿಕೊಂಡು, ಇಬ್ಬರು ಹೆಂಗಸರು ಒಂದು ಟಾಯ್ಲೆಟ್ಟಿಗಾಗಿ ಮೆಟ್ರೋ ಸ್ಟೇಷನ್ನಿನವರೆಗೆ ನಡೆದೆವು. ಅದು ನಮ್ಮ ಪರಿಚಯ. ನಾನು ಹರ್ಷಿಣಿ ಅಂದೆ. ಅವರು ಇಂದಿರಾ ಅಂದರು. ಅಂದಿನಿಂದ ನನಗೆ ಆಂಟಿ ಆದರು.

ಆಂಟಿಯ ತಂದೆ ದತ್ತಾತ್ರೇಯ ಚಿತ್ರದುರ್ಗದ ಕಡೆಯವರು. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದು ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದರು. ಆಂಟಿ ಹುಟ್ಟಿ ಬೆಳೆದದ್ದು ಅಲ್ಲೇ. ಮದುವೆಯಾದ ಯೋಗೀಶ ಅಂಕಲ್ ಕೂಡ ದೆಹಲಿಯಲ್ಲೇ ನೆಲೆಸಿದ್ದ ಕನ್ನಡಿಗರು. ಈಗ ನಿವೃತ್ತರಾಗಿ ಗೋವಿಂದಪುರಿಯ ಫ್ಲ್ಯಾಟಿನಲ್ಲಿ ಅಡುಗೆಮನೆಯ ಯಜಮಾನಿಕೆ ವಹಿಸಿಕೊಂಡಿದ್ದರು. ಮಗಳು ಧಾರಿಣಿ ಬಿ.ಎಡ್. ಓದುತ್ತಿದ್ದಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ.

ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ, ಬಟ್ಟೆ ಎಕ್ಸ್‌ಪೋರ್ಟ್ ಮಾಡುವವರಿಗೆ ಲೇಬಲ್ ಮಾಡಿಸಿಕೊಡುವ ಒಂದು ಆಫೀಸಿತ್ತು. ಅಲ್ಲಿ ಆಂಟಿ ಎಷ್ಟೋ ವರ್ಷಗಳಿಂದ ಕೆಲಸದಲ್ಲಿದ್ದರು. ಫೋನು, ಬಿಲ್ಲು, ಪತ್ರವ್ಯವಹಾರ, ಸಾಹೇಬರ ಮನೆಯ ಗ್ಯಾಸ್ ಬುಕಿಂಗ್ ಕೂಡ ಅವರದೇ ಜವಾಬ್ದಾರಿ. ಜಗಳಗಂಟಿಯೇನಲ್ಲ. ಇನ್ನೂ ಹೇಳಬೇಕೆಂದರೆ ಎಲ್ಲಕ್ಕೂ ಹೊಂದಿಕೊಂಡು ಹೋಗುವುದೇ ಅವರ ಸ್ವಭಾವವಾಗಿತ್ತು. ಯಾವ ಗುರುದ್ವಾರದಲ್ಲಿ ನೀರು ಸದಾ ಇರುತ್ತದೆ, ಯಾವ ಸಿಹಿ ಅಂಗಡಿಯ ಭಯ್ಯಾ ಹಿಂದಿನ ಬಾಗಿಲು ತೆಗೆದುಕೊಡುತ್ತಾನೆ, ಯಾವ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಂತೆ ನಟಿಸಿ ಒಳಗೆ ಹೋಗಬಹುದು, ಎಲ್ಲ ಅವರಿಗೆ ಬಾಯಿಪಾಠ. ದೆಹಲಿಯಲ್ಲಿ ಹೊರಗೆ ದುಡಿಯುವ ಹೆಣ್ಣು ಕಲಿಯಬೇಕಾದ ವಿದ್ಯೆ ಎಂಬಂತೆ ನನಗೂ ಅದನ್ನು ಹೇಳಿಕೊಟ್ಟರು. ಹೇಳಿಕೊಡುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಆ ಸಿಟ್ಟು ಆಮೇಲೆ ಬಂತು. ಬಂದ ಮೇಲೆ ಹೋಗಲಿಲ್ಲ.

ಆ ಕಟ್ಟಡದ ವಿಷಯ ಸ್ವಲ್ಪ ಹೇಳಬೇಕು. ನೆಲಮಹಡಿಯಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕುವ ಪ್ರೆಸ್ಸು. ಒಂದರಲ್ಲಿ ಆಂಟಿಯ ಆಫೀಸು, ಜೊತೆಗೆ ಒಂದು ಕೊರಿಯರ್ ಕಂಪನಿ. ಎರಡರಲ್ಲಿ ನಾವು. ಮೂರರಲ್ಲಿ ಸ್ಯಾಂಪಲ್ ಬಟ್ಟೆ ಹೊಲಿಯುವ ಯೂನಿಟ್ಟು. ಅಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತವರೆಲ್ಲ ಹೆಂಗಸರೇ. ನಾಲ್ಕನೇ ಮಹಡಿ ಪೂರ್ತಿ ಕಟ್ಟಡದ ಮಾಲೀಕ ಛಾಬ್ರಾನ ಸ್ವಂತ ಬಳಕೆಗೆ. ಇಡೀ ಕಟ್ಟಡದ ಹೆಂಗಸರಿಗೆ ಇದ್ದದ್ದು ಎರಡನೇ ಮಹಡಿಯ ಆ ಒಂದೇ ಟಾಯ್ಲೆಟ್. ಅದರ ಫ್ಲಶ್ ಎಂದೋ ಕೆಟ್ಟಿತ್ತು. ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವರು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಳ್ಳಬೇಕು. ಸೋಪು ಎಂಬುದನ್ನು ಯಾರೂ ಕಂಡವರಿಲ್ಲ. ಕಸದ ಡಬ್ಬಿ ಇಲ್ಲದೆ ಪ್ಯಾಡುಗಳೆಲ್ಲ ಕಿಟಕಿಯ ಕಟ್ಟೆಯ ಮೇಲೆ ಕಾಗದ ಸುತ್ತಿಕೊಂಡು ಕೂತಿರುತ್ತಿದ್ದವು. ಗಂಡಸರ ಟಾಯ್ಲೆಟ್ಟೂ ಅಷ್ಟೇ ಕೊಳಕು. ಆದರೆ ಅವರಿಗೆ ಕಟ್ಟಡದ ಹಿಂದಿನ ಗೋಡೆ ಇತ್ತು.

ನಾವು ಕಂಡುಕೊಂಡ ಉಪಾಯ ಸರಳವಾದದ್ದು: ನೀರು ಕುಡಿಯದೇ ಇರುವುದು. ಮೇ ತಿಂಗಳ ದೆಹಲಿಯಲ್ಲಿ, ಹೊರಗೆ ಲೂ ಎಂಬ ಬಿಸಿಗಾಳಿ ಬೀಸುವಾಗ, ಬಾಟಲಿಯನ್ನು ಮುಂದಿಟ್ಟುಕೊಂಡು ತುಟಿ ಒದ್ದೆ ಮಾಡಿಕೊಂಡು ದಿನ ತಳ್ಳುತ್ತಿದ್ದೆವು. ಇದು ನಾವು ಮಾಡುತ್ತಿರುವ ತಪ್ಪೇನೋ ಎಂಬಂತೆ ಯಾರಿಗೂ ಹೇಳುತ್ತಿರಲಿಲ್ಲ.

ಜೂನ್ ಮೊದಲ ವಾರದಲ್ಲಿ ನನಗೆ ಚಳಿಜ್ವರ ಬಂತು. ಬೆನ್ನಿನ ಒಂದು ಪಕ್ಕದಲ್ಲಿ ಚಾಕು ಹಾಕಿ ತಿರುವಿದಂಥ ನೋವು. ನನ್ನ ಕೋಣೆಯಲ್ಲಿ ಜೊತೆಗಿದ್ದ ಹುಡುಗಿಯರು ಆಸ್ಪತ್ರೆಗೆ ಸೇರಿಸಿದರು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದು ಡಾಕ್ಟರು ಹೇಳಿದರು. ಅವರು ವಯಸ್ಸಾದ ಹೆಂಗಸು. ಡ್ರಿಪ್ ಸರಿಮಾಡುತ್ತ ಕೇಳಿದರು: "ಆಫೀಸಲ್ಲಿ ನೀರು ಕುಡಿಯಲ್ಲ, ಬಂದಾಗ ಹೋಗದೆ ತಡಕೊಂಡು ಕೂರ್ತೀರಿ. ಹೌದೋ ಅಲ್ವೋ?" ಹೌದು ಅಂದೆ. "ಓಖ್ಲಾದಿಂದ, ನೆಹರೂ ಪ್ಲೇಸ್‌ನಿಂದ ಇಂಥ ಹುಡುಗೀರು ಬರ್ತಾನೇ ಇರ್ತಾರೆ. ನಾನು ಔಷಧಿ ಕೊಡಬಹುದು. ನಿಮ್ಮ ಬಿಲ್ಡಿಂಗಿಗೆ ಯಾರು ಕೊಡೋದು?"

ಆ ಮಾತು ಬಂದಾಗ ಆಂಟಿ ನನ್ನ ಮಂಚದ ಪಕ್ಕದಲ್ಲೇ ಇದ್ದರು. ಅಂಕಲ್ ಮಾಡಿಕೊಟ್ಟ ಗಂಜಿಯ ಡಬ್ಬಿ ಬಿಚ್ಚುತ್ತಿದ್ದವರು ಹಾಗೆಯೇ ನಿಂತರು. ಡಾಕ್ಟರು ಹೋದ ಮೇಲೆ ಒಂದೇ ಸಮನೆ ಶುರುಮಾಡಿದರು.

"ನನಗೆ ಎಷ್ಟು ಸಲ ಹೀಗೇ ಆಗಿದೆ ಗೊತ್ತಾ ನಿನಗೆ? ನನ್ನ ದೇಹವೇ ಹಾಗೆ, ಉಷ್ಣದ ಪ್ರಕೃತಿ ಅಂತ ಎಳನೀರು ಕುಡಕೊಂಡು ಸುಮ್ಮನಿದ್ದೆ. ಉಷ್ಣವೂ ಅಲ್ಲ, ಮಣ್ಣೂ ಅಲ್ಲ! ಬಾಡಿಗೆ ತಗೊಳ್ಳೋನಿಗೆ ನಲ್ಲೀಲಿ ನೀರು ಬಿಡೋಕೆ ಏನು ರೋಗ? ನಿನ್ನ ವಯಸ್ಸಿನ ಹುಡುಗಿ ಕಿಡ್ನಿ ಹಾಳು ಮಾಡ್ಕೊಂಡು ಮಲಗಬೇಕಾ?"

ಪಕ್ಕದ ಮಂಚದವರು ತಿರುಗಿ ನೋಡಿದರು. ಆಂಟಿ ಲೆಕ್ಕಿಸಲಿಲ್ಲ.

ಮರುದಿನವೇ ಅವರು ಕಟ್ಟಡದ ಮ್ಯಾನೇಜರ್ ತ್ಯಾಗಿಯ ಹತ್ತಿರ ಹೋದರು. ಆತ ಗೇಟಿನ ಪಕ್ಕದ ಕ್ಯಾಬಿನ್ನಿನಲ್ಲಿ ಕೂಲರ್ ಮುಂದೆ ಕೂತಿರುತ್ತಿದ್ದ ಮನುಷ್ಯ. "ಮೇಡಂ, ಹೆಂಗಸರೇ ಜಾಸ್ತಿ ಗಲೀಜು ಮಾಡೋದು. ನಾವೇನು ಮಾಡೋಣ? ಹೋ ಜಾಯೇಗಾ, ನೋಡೋಣ" ಅಂದ. ಹೋ ಜಾಯೇಗಾ, ಆಗುತ್ತೆ ಬಿಡಿ, ಎಂಬ ಆ ಮಾತನ್ನು ಆಂಟಿ ಬಹಳ ವರ್ಷಗಳಿಂದ ಕೇಳಿದ್ದರು. ಈ ಸಲ ಅಲ್ಲಿಂದ ನೇರ ಲಿಫ್ಟ್ ಹತ್ತಿ ನಾಲ್ಕನೇ ಮಹಡಿಗೆ ಹೋದರು.

ಛಾಬ್ರಾನ ಆಫೀಸಿಗೆ ಕಾಲಿಟ್ಟವರಿಗೆ ಅದು ಅದೇ ಕಟ್ಟಡ ಎಂದು ನಂಬಿಕೆಯಾಗುವುದಿಲ್ಲ. ಕೆಳಗೆಲ್ಲ ಸಿಮೆಂಟು ಕಿತ್ತ ಮೆಟ್ಟಿಲು. ಇಲ್ಲಿ ಬಿಳಿ ಅಮೃತಶಿಲೆಯ ನೆಲ, ಟೈಲ್ಸ್ ಮಾರುವವನಾದ್ದರಿಂದ ಗೋಡೆಯ ತುಂಬ ಟೈಲ್ಸಿನ ಮಾದರಿಗಳು. ಮೂಲೆಯಲ್ಲಿ ಗಾಜಿನ ಬಾಗಿಲಿನ ವಾಶ್‌ರೂಮು. ಬರುವ ಗಿರಾಕಿಗಳಿಗೆ ತೋರಿಸಲೆಂದು ಅದನ್ನೇ ಮಾದರಿಯಾಗಿ ಕಟ್ಟಿಸಿದ್ದ. ಅದಕ್ಕೆ ಬೀಗ.

ಛಾಬ್ರಾ ಮರ್ಯಾದೆಯಿಂದಲೇ ಮಾತಾಡಿದ. ಕೂರಿಸಿ ಚಹಾ ತರಿಸಿದ. "ಇಂದಿರಾ ಜೀ, ನೀವು ಇಷ್ಟು ಹಳಬರು. ಮೊದಲೇ ಹೇಳೋದಲ್ವಾ? ನಾಳೆಯೇ ಆ್ಯಕ್ಷನ್ ತಗೋತೀನಿ" ಅಂದ. ಆಂಟಿ ಸಂತೋಷದಿಂದ ಆಸ್ಪತ್ರೆಗೆ ಬಂದು ನನಗೆ ಸುದ್ದಿ ಹೇಳಿದರು. "ಇಷ್ಟೇ ನೋಡು, ಬಾಯಿಬಿಟ್ಟು ಕೇಳಬೇಕು" ಅಂದರು.

ಛಾಬ್ರಾ ತೆಗೆದುಕೊಂಡ ಆ್ಯಕ್ಷನ್ ಎಂಥದ್ದು ಎಂದು ಹೇಳುತ್ತೇನೆ. ಏಜೆನ್ಸಿಯೊಂದರ ಮೂಲಕ ಬಂದು ಟಾಯ್ಲೆಟ್ ತೊಳೆಯುತ್ತಿದ್ದ ಸಂತರಾ ಎಂಬ ಹೆಂಗಸನ್ನು ಕೆಲಸದಿಂದ ತೆಗೆಸಿದ. ಟಾಯ್ಲೆಟ್ಟಿಗೆ ಒಂದು ಬೀಗ ಹಾಕಿಸಿ ಬೀಗದ ಕೈಯನ್ನು ತ್ಯಾಗಿಯ ಕ್ಯಾಬಿನ್ನಿನಲ್ಲಿ ಇಡಿಸಿದ. ಇನ್ನು ಮುಂದೆ ಯಾವ ಹೆಂಗಸಿಗೆ ಹೋಗಬೇಕೆಂದರೂ ಕೆಳಗಿಳಿದು, ಲೋಡಿಂಗ್ ಮಾಡುವ ಗಂಡಸರೆಲ್ಲ ನಿಂತಿರುವ ಜಾಗದಲ್ಲಿ, ತ್ಯಾಗಿಯ ಮುಂದೆ ಕೈ ನೀಡಬೇಕು. ಆತ "ಈಗತಾನೇ ಹೋಗಿದ್ರಲ್ಲ ಮೇಡಂ, ಮತ್ತೆ?" ಎಂದು ಕೇಳಿಯೇ ಕೊಡುತ್ತಿದ್ದ. ನೀರು? ಅದು ಮೊದಲಿನಂತೆಯೇ ಮಧ್ಯಾಹ್ನಕ್ಕೆ ನಿಲ್ಲುತ್ತಿತ್ತು.

ಸಂತರಾ ಮಾರನೆಯ ದಿನ ಬೆಳಿಗ್ಗೆ ಗೇಟಿನ ಹೊರಗೆ ಕಾದು ನಿಂತಿದ್ದಳು. ಆಂಟಿಯನ್ನು ಕಂಡದ್ದೇ ಅಡ್ಡಗಟ್ಟಿದಳು. ಆಕೆ ಹರಿಯಾಣದ ಕಡೆಯವಳು, ದನಿ ದೊಡ್ಡದು.

"ದೀದಿ, ನನ್ನ ಮೇಲೆ ಕಂಪ್ಲೇಂಟ್ ಕೊಟ್ರಂತೆ?"

"ನಿನ್ನ ಮೇಲಲ್ಲ ಸಂತರಾ. ನೀರಿಲ್ಲ, ಫ್ಲಶ್ ಇಲ್ಲ ಅಂದೆ. ನಿನ್ನ ಹೆಸರೇ ಎತ್ತಿಲ್ಲ."

"ಹೆಸರು ಎತ್ತೋದು ಬೇಡ ದೀದಿ. ಟಾಯ್ಲೆಟ್ ಗಲೀಜು ಅಂದ್ರೆ ನಾನು ಅಂತಲೇ ಅರ್ಥ. ಅಷ್ಟೂ ಗೊತ್ತಾಗಲ್ವಾ ನಿಮಗೆ? ಟೆರೇಸ್ ಮೇಲೆ ವಾಲ್ವ್ ಇದೆ, ಮಧ್ಯಾಹ್ನ ಆದ್ರೆ ತ್ಯಾಗಿ ತಿರುಗಿಸಿ ಬಂದ್ ಮಾಡ್ತಾನೆ. ಮೇಲಿನವರ ಟ್ಯಾಂಕ್ ಮಾತ್ರ ತುಂಬಿರುತ್ತೆ. ನೀರಿಲ್ಲದೆ ನಾನೇನು ಉಗುಳು ಹಾಕಿ ತೊಳೀಬೇಕಿತ್ತಾ? ಒಂದು ಫಿನಾಯಿಲ್ ಬಾಟಲಿ ಕೇಳಿದ್ರೆ ಹೋದ ತಿಂಗಳು ಕೊಟ್ಟಿದ್ದೆನಲ್ಲ ಅಂತಿದ್ದ. ಆ್ಯಸಿಡ್‌ನಲ್ಲಿ ಕೈ ಹೆಂಗಾಗಿದೆ ನೋಡಿ."

ಕೈ ಮುಂದಕ್ಕೆ ಚಾಚಿದಳು. ಬೆರಳ ಸಂದಿಯಲ್ಲೆಲ್ಲ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಸಂತರಾ ಉತ್ತರಕ್ಕೆ ಕಾಯದೆ ಹೊರಟು ಹೋದಳು.

ಆಂಟಿ ಮತ್ತೆ ನಾಲ್ಕನೇ ಮಹಡಿ ಹತ್ತಿದರು. ಈ ಸಲ ಕೂರಲಿಲ್ಲ. "ಛಾಬ್ರಾ ಸಾಹೇಬ್, ನಾನು ನೀರು ಕೇಳಿದ್ದು. ಆ ಹೆಂಗಸನ್ನು ತೆಗೀರಿ ಅಂದೆನಾ?"

ಛಾಬ್ರಾ ನಕ್ಕ. "ಸ್ವಚ್ಛತೆ ಬೇಕು ಅಂದ್ರಿ, ಗಲೀಜನ್ನ ಹೊರಗೆ ಹಾಕಿದೆ. ಆ ಜನಾನೇ ಹಾಗೆ ಇಂದಿರಾ ಜೀ, ನಿಮಗೆ ಗೊತ್ತಿರೋದೇ. ಏಜೆನ್ಸಿಯವರು ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ನಿಮಗೆ ಗೊತ್ತಿರೋದೇ ಎಂಬ ಮಾತು ಆಂಟಿಯನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ನನಗೆ ಅದನ್ನು ಹೇಳುತ್ತ ಮಂಚದ ಪಕ್ಕದಲ್ಲೇ ಅತ್ತಿತ್ತ ಓಡಾಡಿದರು. "ನನ್ನನ್ನೂ ಅವನ ಕಡೆ ಸೇರಿಸಿಕೊಂಡ ಕಣೇ! ನಾನೂ ಅವನೂ ಒಂದು, ಅವಳು ಬೇರೆ ಅನ್ನೋ ಹಾಗೆ. ಅವನು ಕೊಟ್ಟ ಚಹಾ ಕುಡಿದೆನಲ್ಲ ನಾನು!"

ನಾನು ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಸೇರಿದ ಹೊತ್ತಿಗೆ ಆಂಟಿ ತೀರ್ಮಾನ ಮಾಡಿಯಾಗಿತ್ತು. ಊಟದ ಬಿಡುವಿನಲ್ಲಿ ಒಂದೊಂದೇ ಆಫೀಸಿಗೆ ಹೋಗಿ ಹೆಂಗಸರ ಜೊತೆ ಮಾತಾಡಿದ್ದರು. ಹೆಚ್ಚಿನವರಿಗೆ ಭಯ. ಹೊಲಿಗೆ ಯೂನಿಟ್ಟಿನವರಿಗಂತೂ ಮಿಷನ್ ಬಿಟ್ಟು ಏಳುವುದೇ ಕಷ್ಟ. ಆದರೆ ಎಲ್ಲರ ಬಳಿಯೂ ಹೇಳಲು ಏನಾದರೊಂದು ಇತ್ತು. ತಿಂಗಳ ದಿನಗಳಲ್ಲಿ ರಜೆ ಹಾಕಿ ಸಂಬಳ ಕಳೆದುಕೊಳ್ಳುವವರು, ಬಿಡುವಿಲ್ಲದೆ ಸೀರೆ ಒದ್ದೆ ಮಾಡಿಕೊಂಡು ಅತ್ತವರು, ತುಂಬಿದ ಬಸುರಿಯಾಗಿ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವ ಕೊರಿಯರ್ ಆಫೀಸಿನ ಹುಡುಗಿ. ಇಷ್ಟು ದಿನ ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ.

"ಜಗಳ ಬೇಡ, ಘೋಷಣೆ ಬೇಡ," ಅಂದರು ಆಂಟಿ. "ಕೆಳಗೆ ನೀರು ನಿಂತ ಕೂಡಲೇ ನೀರು ಎಲ್ಲಿದೆಯೋ ಅಲ್ಲಿಗೆ ಹೋಗೋಣ. ಚಲೋ, ಅಷ್ಟೇ."

ಸೋಮವಾರ ಮಧ್ಯಾಹ್ನ ನಲ್ಲಿ ಒಣಗಿತು. ಆಂಟಿ ಮುಂದೆ, ಹಿಂದೆ ನಾನು, ನಮ್ಮ ಹಿಂದೆ ಹತ್ತು ಹನ್ನೆರಡು ಜನ ಮೆಟ್ಟಿಲು ಹತ್ತಿದೆವು. ನಾಲ್ಕನೇ ಮಹಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ, ಬೀಗ ಹಾಕಿದ ಆ ಮಾದರಿ ವಾಶ್‌ರೂಮಿನ ಮುಂದೆ ಸಾಲಾಗಿ ನಿಂತೆವು. ಟೈಲ್ಸ್ ನೋಡಲು ಬಂದಿದ್ದ ಗಂಡ ಹೆಂಡತಿ ನಮ್ಮನ್ನೇ ನೋಡತೊಡಗಿದರು.

ರಿಸೆಪ್ಷನ್ನಿನಲ್ಲಿದ್ದ ಹುಡುಗಿಯ ಹೆಸರು ನಗ್ಮಾ. ಹತ್ತಿರದ ಬಟ್ಲಾ ಹೌಸ್ ಬಡಾವಣೆಯಿಂದ ಬರುತ್ತಿದ್ದಳು. ಗಾಬರಿಯಿಂದ ಎದ್ದು ನಿಂತಳು. "ಆಂಟೀ ಜೀ, ಯಾರು ಬೇಕಿತ್ತು?"

"ಯಾರೂ ಬೇಡ ಬೇಟಾ. ಟಾಯ್ಲೆಟ್‌ಗೆ ಬಂದಿದ್ದೀವಿ. ಕೆಳಗೆ ನೀರಿಲ್ಲ."

ಛಾಬ್ರಾ ಒಳಗಿಂದ ಬಂದ. ಮೊದಲು ನಗುತ್ತಲೇ ಕೆಳಗೆ ಹೋಗಿ ಅಂದ. ಆಮೇಲೆ ಇದು ಶೋರೂಮು, ಧರ್ಮಶಾಲೆ ಅಲ್ಲ ಅಂದ. ಕಡೆಗೆ ಪೊಲೀಸರನ್ನು ಕರೆಯುತ್ತೇನೆ ಅಂದ. ಆಂಟಿ, "ಕರೀರಿ. ಬಂದವರಿಗೂ ಹೇಳೋಣ, ಟಾಯ್ಲೆಟ್‌ಗೆ ಕ್ಯೂ ನಿಂತಿದ್ದೀವಿ ಅಂತ" ಅಂದರು. ಗಿರಾಕಿಗಳು ಮೆಲ್ಲಗೆ ಜಾಗ ಖಾಲಿ ಮಾಡಿದರು. ಬೀಗ ತೆರೆಯಲಿಲ್ಲ. ಊಟದ ಹೊತ್ತು ಮುಗಿಯುವ ತನಕ ನಿಂತು ಕೆಳಗಿಳಿದೆವು.

ಸಂಜೆಯೊಳಗೆ ಛಾಬ್ರಾ ಎಲ್ಲ ಆಫೀಸಿನವರಿಗೂ ಫೋನ್ ಮಾಡಿದ್ದ. ನಮ್ಮ ಮ್ಯಾನೇಜರ್, ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡಿ ಬಹುಮಾನ ಗೆದ್ದವನು, ನನ್ನನ್ನು ಕರೆದು, "ಪ್ರೊಫೆಷನಲ್ ಆಗಿರಿ" ಎಂದು ಬುದ್ಧಿ ಹೇಳಿದ. ಆಂಟಿಯ ಸಾಹೇಬ ಸೇಠಿ, "ಈ ವಯಸ್ಸಿನಲ್ಲಿ ಇದೇನು ತಮಾಷೆ ಇಂದಿರಾ ಜೀ?" ಎಂದರಂತೆ. "ಈ ವಯಸ್ಸಿನಲ್ಲೇ ತಡಕೊಳ್ಳೋದು ಜಾಸ್ತಿ ಕಷ್ಟ ಸರ್" ಎಂದು ಆಂಟಿ ಉತ್ತರ ಕೊಟ್ಟು ಬಂದರು.

ಮಂಗಳವಾರವೂ ಹೋದೆವು. ಬುಧವಾರವೂ ಹೋದೆವು. ಜನ ಕಡಿಮೆಯಾದರು. ಹೊಲಿಗೆ ಯೂನಿಟ್ಟಿನವರನ್ನು ಅವರ ಸೂಪರ್‌ವೈಸರ್ ಬಾಗಿಲಲ್ಲೇ ತಡೆದ. ನನಗೂ ಒಳಗೊಳಗೇ ಪುಕ್ಕಲು. ಬುಧವಾರ ಸಂಜೆ ಆಂಟಿ, "ನಡಿ, ಸಂತರಾ ಮನೆಗೆ ಹೋಗಿ ಬರೋಣ. ಮೊದಲೇ ಹೋಗಬೇಕಿತ್ತು" ಅಂದರು.

ಸಂತರಾ ಇದ್ದದ್ದು ತುಘಲಕಾಬಾದಿನ ಹಳ್ಳಿಯ ಗಲ್ಲಿಯಲ್ಲಿ, ಒಂದು ಕೋಣೆಯ ಮನೆ. ನಮ್ಮನ್ನು ಕಂಡು ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಆಂಟಿ ಹೊಸ್ತಿಲ ಹೊರಗೇ ನಿಂತು ಹೇಳಿದರು.

"ನನ್ನಿಂದ ನಿನ್ನ ಕೆಲಸ ಹೋಯ್ತು. ನಾನು ಹಾಗಂದಿರಲಿಲ್ಲ, ಆದ್ರೂ ಹೋಯ್ತು. ಅದನ್ನು ವಾಪಸ್ ಕೊಡೋ ತನಕ ನಾವು ಮೇಲೆ ನಿಲ್ಲೋದು ಬಿಡಲ್ಲ. ಅಷ್ಟು ಹೇಳಿ ಹೋಗೋಣ ಅಂತ ಬಂದೆ."

ಸಂತರಾ ಕೇಳಿದಳು: "ಎಲ್ಲಿ ನಿಲ್ತಿದ್ದೀರಿ? ಆ ಗಾಜಿನ ಬಾಗಿಲಿನ ಮುಂದಾ?"

"ಹೌದು."

"ಅದನ್ನು ಮೂರು ವರ್ಷ ದಿನಾ ಒರೆಸಿದ್ದೀನಿ ದೀದಿ. ನಿಮ್ಮದನ್ನೂ ತೊಳೆದಿದ್ದೀನಿ. ಆ ಬಿಲ್ಡಿಂಗಿನಲ್ಲಿ ಒಂದು ದಿನ, ಒಂದೇ ಒಂದು ದಿನ, ನನ್ನನ್ನು ಒಳಗೆ ಕೂರೋಕೆ ಬಿಟ್ಟಿಲ್ಲ. ತ್ಯಾಗಿ ನೋಡಿದ್ರೆ ಬೈತಿದ್ದ. ರೈಲ್ವೆ ಹಳಿ ಕಡೆ ಹೋಗಿ ಬರ್ತಿದ್ದೆ. ನೀವು ಯಾರಾದ್ರೂ ಕೇಳಿದ್ರಾ, ಸಂತರಾ ನೀನೆಲ್ಲಿ ಹೋಗ್ತೀಯಾ ಅಂತ?"

ಕೇಳಿರಲಿಲ್ಲ. ಆಂಟಿಯೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾಲ್ಕು ಮಹಡಿಯ ಆ ಕಟ್ಟಡದಲ್ಲಿ ಯಾರೊಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಗುರುವಾರ ಮಧ್ಯಾಹ್ನ ನಾವು ಮೇಲೆ ಹೋದಾಗ ಐದಾರು ಜನ ಉಳಿದಿದ್ದೆವು. ಛಾಬ್ರಾ ಗೆದ್ದವನಂತೆ ಕುರ್ಚಿಯಲ್ಲಿ ಒರಗಿ ನೋಡುತ್ತಿದ್ದ. ಆಗ ಬಾಗಿಲು ತಳ್ಳಿಕೊಂಡು ಸಂತರಾ ಬಂದಳು. ಒಗೆದು ಮಡಿಸಿಟ್ಟಿದ್ದ ಹಸಿರು ಸಲ್ವಾರ್, ತಲೆಯ ಮೇಲೆ ದುಪಟ್ಟಾ. ಯಾರನ್ನೂ ನೋಡದೆ ಬಂದು ಸಾಲಿನ ಕೊನೆಯಲ್ಲಿ ನಿಂತಳು.

ಛಾಬ್ರಾ ಕುರ್ಚಿಯಿಂದ ನೆಗೆದೆದ್ದ. ಮೂರು ದಿನ ನಮ್ಮ ಮೇಲೆ ಕೂಗಿದ್ದೆಲ್ಲ ಏನೂ ಅಲ್ಲ ಎನ್ನುವಂತೆ ಕೂಗಿದ. "ಇವಳು! ಇವಳನ್ನು ಯಾರು ಒಳಗೆ ಬಿಟ್ಟಿದ್ದು? ಇವಳು ಈ ಟಾಯ್ಲೆಟ್‌ಗೆ ಹೋಗ್ತಾಳಾ? ನನ್ನ ಗೆಸ್ಟ್‌ಗಳು ಹೋಗೋ ಜಾಗ ಅದು!"

ಆಂಟಿ ಸಾಲಿನ ಮುಂದಿನಿಂದ ಹಿಂದಕ್ಕೆ ನಡೆದು ಹೋಗಿ ಸಂತರಾಳ ಕೈ ಹಿಡಿದರು. ತಾವು ನಿಂತಿದ್ದ ಜಾಗಕ್ಕೆ ಕರೆತಂದು, ಬಾಗಿಲ ಮುಂದೆ ನಿಲ್ಲಿಸಿದರು. "ಮೊದಲು ಇವಳು," ಅಂದರು ಹಿಂದಿಯಲ್ಲಿ. "ಆಮೇಲೆ ನಾವು. ನಿಮ್ಮ ಗೆಸ್ಟ್‌ಗಳು ಕಾಯಲಿ."

ಆಮೇಲೆ ನಡೆದದ್ದನ್ನು ನಾನು ಯಾವತ್ತೂ ಮರೆಯಲಾರೆ. ರಿಸೆಪ್ಷನ್ನಿನ ನಗ್ಮಾ ಎದ್ದಳು. ಡ್ರಾಯರ್ ಎಳೆದು ಬೀಗದ ಕೈ ತೆಗೆದುಕೊಂಡು, ಛಾಬ್ರಾನ ಮುಂದೆಯೇ ಹಾದು ಬಂದು, ಬಾಗಿಲು ತೆರೆದಳು.

"ನಗ್ಮಾ!" ಛಾಬ್ರಾ ಗದರಿದ.

"ಸರ್, ನನ್ನನ್ನೂ ಇದಕ್ಕೆ ಬಿಡಲ್ಲ ನೀವು," ಅಂದಳು ನಗ್ಮಾ. "ಇಲ್ಲೇ ಪಕ್ಕದಲ್ಲಿ ಕೂತು, ಬೀಗದ ಕೈ ನನ್ನ ಹತ್ರಾನೇ ಇಟ್ಕೊಂಡು, ನಾನೂ ಎರಡನೇ ಮಹಡಿಗೇ ಇಳಿದು ಹೋಗೋದು. ಇವರ ಜೊತೆ ನಿಲ್ಲೋ ಧೈರ್ಯ ಇಷ್ಟು ದಿನ ಇರಲಿಲ್ಲ."

ಸಂತರಾ ಒಳಗೆ ಹೋದಳು. ಒಳಗಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು. ನಾವೆಲ್ಲ ಹೊರಗೆ ಕಾದೆವು. ಬಸುರಿ ಹುಡುಗಿ ಗೋಡೆಗೆ ಒರಗಿಕೊಂಡು ಅಳತೊಡಗಿದಳು. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲವೇನೋ.

ಇದನ್ನೆಲ್ಲ ಯಾರೋ ಫೋನಿನಲ್ಲಿ ಹಿಡಿದಿದ್ದರು. ಕಟ್ಟಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿ, ಸುತ್ತಲಿನ ಕಟ್ಟಡಗಳಿಗೂ ಹೋಯಿತು. ಶುಕ್ರವಾರ ಹೊಲಿಗೆ ಯೂನಿಟ್ಟಿನ ಹೆಂಗಸರು ಸೂಪರ್‌ವೈಸರನನ್ನು ಪಕ್ಕಕ್ಕೆ ಸರಿಸಿ ಮಿಷನ್ ಬಿಟ್ಟು ಎದ್ದು ಬಂದರು. ಸಾಲು ನಾಲ್ಕನೇ ಮಹಡಿಯಿಂದ ಮೆಟ್ಟಿಲಿಳಿದು ಮೂರನೆಯದನ್ನೂ ದಾಟಿತು. ಛಾಬ್ರಾನಿಗೆ ಹೆದರಿಕೆ ಹುಟ್ಟಿದ್ದು ನಾಚಿಕೆಯಿಂದಲ್ಲ, ವ್ಯಾಪಾರದಿಂದ. ಶೋರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಶನಿವಾರ ವಾಲ್ವ್ ತೆರೆದುಕೊಂಡಿತು. ಎಷ್ಟು ಸುಲಭದ ಕೆಲಸ! ಒಬ್ಬ ಮನುಷ್ಯ ಟೆರೇಸಿಗೆ ಹತ್ತಿ ಒಂದು ಚಕ್ರ ತಿರುಗಿಸಬೇಕು, ಅಷ್ಟೇ. ಅಷ್ಟಕ್ಕೆ ಎಷ್ಟು ಹೆಂಗಸರು ಎಷ್ಟು ವರ್ಷ ಒಣಗಿದ ಬಾಯಲ್ಲಿ ಕೂತಿದ್ದರು ಎಂದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮುಂದಿನ ವಾರಗಳಲ್ಲಿ ಫ್ಲಶ್ ಹೊಸದಾಯಿತು, ಚಿಲಕ ಬಂತು, ಮುಚ್ಚಳವಿರುವ ಡಬ್ಬಿ ಬಂತು, ತ್ಯಾಗಿಯ ಕ್ಯಾಬಿನ್ನಿನಿಂದ ಬೀಗದ ಕೈ ಹೋಯಿತು. ಸಂತರಾ ಸುಮ್ಮನೆ ವಾಪಸ್ ಬರಲಿಲ್ಲ. ಕೈಗವಸು, ಉದ್ದ ಹಿಡಿಯ ಬ್ರಷ್ಷು, ಗಂಡಸರ ಕಡೆಗೆ ಇನ್ನೊಬ್ಬ ಆಳು, ಮತ್ತು ತಾನೂ ಅದೇ ಟಾಯ್ಲೆಟ್ ಬಳಸುವುದು, ಇಷ್ಟಕ್ಕೆ ಒಪ್ಪಿದರೆ ಬರುತ್ತೇನೆ ಎಂದು ಏಜೆನ್ಸಿಯವನ ಮುಂದೆ ನಿಂತು ಹೇಳಿದಳು. ಆಂಟಿ ಪಕ್ಕದಲ್ಲಿದ್ದರು, ಮಾತು ಅವಳದೇ. ಒಪ್ಪಿದರು. ನಗ್ಮಾಳನ್ನು ಛಾಬ್ರಾ ಆ ತಿಂಗಳೇ ಬಿಡಿಸಿದ. ಅವಳು ಜಸೋಲಾದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಹುಡುಕಿಕೊಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಚಳಿಗಾಲದಲ್ಲಿ ಸೇಠಿ ಆಂಟಿಯನ್ನು ಕರೆದರು. ಲೀಸ್ ಮುಗಿಯುತ್ತ ಬಂದಿತ್ತು. ಆ ಹೆಂಗಸು ನಿಮ್ಮ ಆಫೀಸಿನಲ್ಲಿದ್ದರೆ ಮುಂದಕ್ಕೆ ಕೊಡುವುದಿಲ್ಲ ಎಂದು ಛಾಬ್ರಾ ಹೇಳಿಕಳಿಸಿದ್ದನಂತೆ. ಸೇಠಿ ಕೆಟ್ಟ ಮನುಷ್ಯರೇನಲ್ಲ. ಹೀಗೆ ಹೇಳುವಾಗ ಕಣ್ಣಲ್ಲಿ ನೀರು ತಂದುಕೊಂಡರಂತೆ, ಒಂದು ಶಾಲು ಹೊದಿಸಿದರಂತೆ. ಅಷ್ಟು ವರ್ಷ ದುಡಿದವಳನ್ನು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ಆ ಶಾಲನ್ನು ಆಂಟಿ ಗೇಟಿನಲ್ಲಿದ್ದ ಗಾರ್ಡಿಗೆ ಕೊಟ್ಟು ಬಂದರು.

ಮಾರ್ಚಿನಲ್ಲಿ ನಮ್ಮ ಕಟ್ಟಡದ ಖಾಲಿ ಜಾಗ ಬಾಡಿಗೆಗಿದೆ ಎಂಬ ಜಾಹೀರಾತು ಕಂಡೆ. ಇಪ್ಪತ್ತನಾಲ್ಕು ಗಂಟೆ ನೀರು, ಹೆಂಗಸರಿಗೆ ಶುಭ್ರವಾದ ವಾಶ್‌ರೂಮು, ಮಹಿಳಾಸ್ನೇಹಿ ಕಟ್ಟಡ ಎಂದು ಬರೆದು, ನಮ್ಮ ಎರಡನೇ ಮಹಡಿಯ ಟಾಯ್ಲೆಟ್ಟಿನ ಫೋಟೋ ಹಾಕಿದ್ದರು. ಪಕ್ಕದಲ್ಲಿ ಛಾಬ್ರಾನ ನಗುಮುಖ. ಸಿಟ್ಟಿನಿಂದ ಅದನ್ನು ಆಂಟಿಗೆ ಕಳಿಸಿ, ಭಾನುವಾರ ಅವರ ಮನೆಗೆ ಹೋದೆ. ಅಂಕಲ್ ಉಪ್ಪಿಟ್ಟು ಮಾಡಿದ್ದರು. ಧಾರಿಣಿ, "ಮಮ್ಮಿ ಕಲ್ ಸೇ ಹೀ ಗುಸ್ಸೇ ಮೇ ಹೈ" ಎಂದು ಅಮ್ಮನ ನಿನ್ನೆಯಿಂದಿನ ಸಿಟ್ಟಿನ ಬಗ್ಗೆ ಎಚ್ಚರಿಸಿದಳು.

ಆಂಟಿಯನ್ನು ಸಮಾಧಾನ ಮಾಡಲೆಂದು ನಾನು, "ಅವನು ಏನು ಬೇಕಾದ್ರೂ ಬರ್ಕೊಳ್ಳಲಿ ಆಂಟಿ. ಗೆದ್ದಿದ್ದು ನೀವೇ ತಾನೇ?" ಅಂದೆ.

ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದರು. "ಏನು ಗೆದ್ದೆ ಹರ್ಷಿಣಿ? ನಲ್ಲೀಲಿ ನೀರು ಬರೋದನ್ನ ಗೆಲ್ಲೋದು ಅಂತಾರಾ? ನಿನ್ನ ಕಿಡ್ನಿಗೆ ಆದದ್ದಕ್ಕೆ ಅವನು ತಪ್ಪಾಯ್ತು ಅಂದನಾ? ಸಂತರಾಗೆ ಒಂದು ಮಾತು ಹೇಳಿದನಾ? ನಗ್ಮಾಳ ಕೆಲಸ ಹೋಯ್ತು, ನನ್ನದು ಹೋಯ್ತು, ಅವನ ಬಾಡಿಗೆ ಏರಿತು. ನನ್ನನ್ನ ಸಮಾಧಾನ ಮಾಡಬೇಡ. ನನಗೆ ಸಮಾಧಾನ ಬೇಕಾಗಿಲ್ಲ."

ಅಂಕಲ್ ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ನಿಂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಆಂಟಿಯೇ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದರು.

ಈಗ ಅವರಿಗೆ ಕರೋಲ್ ಬಾಗಿನಲ್ಲಿ ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿದೆ. ಮೂರು ಅಂತಸ್ತಿನ ಅಂಗಡಿ, ಸೀರೆ ತೋರಿಸುವ ಹುಡುಗಿಯರೇ ಇಪ್ಪತ್ತಕ್ಕೂ ಹೆಚ್ಚು. ಹೋದ ವಾರ ನಾನು ಫೋನ್ ಮಾಡಿದಾಗ ಹಿಂದೆ ಬಹಳ ಗದ್ದಲವಿತ್ತು. ಅಂಗಡಿಯಲ್ಲಿ ಹೆಂಗಸರಿಗೆ ಟಾಯ್ಲೆಟ್ಟೇ ಇಲ್ಲವಂತೆ. ಹುಡುಗಿಯರು ರಸ್ತೆ ದಾಟಿ ಯಾವುದೋ ಹೋಟೆಲ್ಲಿಗೆ ಹೋಗುತ್ತಾರಂತೆ.

"ಆಮೇಲೆ ಮಾಡ್ತೀನಿ ಇರು," ಅಂದರು ಆಂಟಿ. "ಎಲ್ಲರೂ ಮಾಲೀಕರ ರೂಮಿನ ಮುಂದೆ ನಿಂತಿದ್ದೀವಿ. ಅವರು ಇನ್ನೂ ಬಾಗಿಲು ತೆಗೆದಿಲ್ಲ."